ಡವರ್ ಅಂದರೆ ವರದಕ್ಷಿಣೆ ಅಲ್ಲ

“ಮೇಡಂ, ಗಂಡ ಸತ್ತ ಮೇಲೂ ವರದಕ್ಷಿಣೆ ಬರುತ್ತಾ? ಯಾರು ಕೊಡ್ತಾರೆ?”

ಎಂ.ಎ. ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಳು. ತಪ್ಪು ಅವಳದಲ್ಲ. ಹದಿನಾಲ್ಕನೇ ಶತಮಾನದ ಇಂಗ್ಲೆಂಡಿನ ದೊಡ್ಡ ಮನೆತನದ ಹೆಣ್ಣು, ಮೂರು ಬಾರಿ ವಿಧವೆಯಾದ ಎಲಿಜಬೆತ್ ಡಿ ಕ್ಲೇರ್‌ಗೆ ಗಂಡಂದಿರ ‘ವರದಕ್ಷಿಣೆ’ ಸಿಕ್ಕಿತೆಂದು ಅವಳ ಕೈಯಲ್ಲಿದ್ದ ಕನ್ನಡ ನೋಟ್ಸ್‌ನಲ್ಲೇ ಇತ್ತು. ಮಧ್ಯಯುಗದ ಇಂಗ್ಲೆಂಡಿನ ಪಾಠ ಮಾಡುತ್ತ, ಅನುವಾದಗಳ ಕರಡು ತಿದ್ದುತ್ತ ಇಪ್ಪತ್ತು ವರ್ಷ ಕಳೆದೆ. ಇಂಗ್ಲಿಷಿನ ‘ಡವರ್’ (dower) ಎಂಬುದಕ್ಕೆ ಬರೆದ ಈ ಒಂದು ಪದವನ್ನು ಎಷ್ಟು ಸಲ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ.

ವರದಕ್ಷಿಣೆ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹೋಗುವಂಥದ್ದು. ಡವರ್ ಬರುವುದು ಗಂಡನ ಆಸ್ತಿಯಿಂದ ಹೆಂಡತಿಗೆ, ಅದೂ ಅವನು ಸತ್ತ ಮೇಲೆ. ಗಂಡನಿಗೆ ಮೂವತ್ತು ಹಳ್ಳಿಗಳ ಜಮೀನಿದ್ದರೆ ಸುಮಾರು ಹತ್ತು ಹಳ್ಳಿಗಳಷ್ಟು ವಿಧವೆಯ ಕೈಗೆ. ಅವಳು ಬದುಕಿರುವವರೆಗೂ ಅದರ ಹುಟ್ಟುವಳಿ ಅವಳದು. ಮಾರಿ ಕಳೆಯುವ ಹಕ್ಕಿಲ್ಲ. ಅವಳು ಸತ್ತರೆ ಅದು ಗಂಡನ ವಾರಸುದಾರರಿಗೇ ವಾಪಸ್ಸು. ಇನ್ನೊಂದು ಮದುವೆಯಾದರೂ ಪಾಲು ಸಾಮಾನ್ಯವಾಗಿ ಉಳಿಯುತ್ತಿತ್ತು. ಎಲ್ಲೆಡೆ ಇದೇ ಲೆಕ್ಕ ಎಂದು ಹೇಳಲಾರೆ. ಕೆಂಟ್ ಸೀಮೆಯ ಒಂದು ಹಿಡುವಳಿ ಪದ್ಧತಿಯಲ್ಲಿ ಅರ್ಧ ಪಾಲಿತ್ತು. ಆದರೆ ದೊಡ್ಡ ಮನೆತನಗಳಲ್ಲಿ ಮೂರನೇ ಒಂದು ಪಾಲೇ ವಾಡಿಕೆ.

‘ಜೀವನಾಂಶ’ ಎಂದು ಬರೆಯುವವರೂ ಇದ್ದಾರೆ. ಅದೂ ಸರಿಯಲ್ಲ. ಜೀವನಾಂಶ ಇನ್ನೊಬ್ಬರು ಕೊಡುವ ಹಣ. ಇಲ್ಲಿ ಭೂಮಿಯೇ ಅವಳ ಸ್ವಾಧೀನದಲ್ಲಿ. ತವರಿನವರು ಮದುವೆಯಲ್ಲಿ ಕೊಡುತ್ತಿದ್ದ ಭೂಮಿ ಬೇರೆಯೇ ಇತ್ತು, ಅದಕ್ಕೆ ನಮ್ಮ ‘ಬಳುವಳಿ’ ಚೆನ್ನಾಗಿ ಒಪ್ಪುತ್ತದೆ. ಡವರ್‌ಗೆ ನಾನು ‘ವಿಧವೆಯ ಪಾಲು’ ಎಂದೇ ಬರೆಸುತ್ತೇನೆ.

ಎಲಿಜಬೆತ್ ಹುಟ್ಟಿದ್ದು 1295ರಲ್ಲಿ. ತಾಯಿ ಜೋನ್ ದೊರೆ ಒಂದನೇ ಎಡ್ವರ್ಡನ ಮಗಳು. ಎರಡನೇ ಎಡ್ವರ್ಡ್ ಸ್ವಂತ ಸೋದರಮಾವ. 1308ರಲ್ಲಿ ಕೊಟ್ಟು ತರುವ ಸಂಬಂಧ ನಡೆಯಿತು. ಅಣ್ಣ ಗಿಲ್ಬರ್ಟನಿಗೆ ಐರ್ಲೆಂಡಿನ ಬರ್ಗ್ ಮನೆತನದ ಮಾಡ್, ಮರುದಿನವೇ ಮಾಡ್‌ಳ ಸಹೋದರ ಜಾನ್‌ಗೆ ಎಲಿಜಬೆತ್. 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಗಿಲ್ಬರ್ಟ್ ಸತ್ತ. ಮಕ್ಕಳಿಲ್ಲ, ಮೂವರು ತಂಗಿಯರು. ವರ್ಷಕ್ಕೆ ಸುಮಾರು 6,000 ಪೌಂಡ್ ಹುಟ್ಟುವಳಿಯ ಆಸ್ತಿ.

ವಿಧವೆಯ ಪಾಲಿನ ತೂಕ ಗೊತ್ತಾಗುವುದು ಇಲ್ಲಿ. ಮಾಡ್ ತಾನು ಬಸುರಿ ಎಂದಳು. ಮಗು ಹುಟ್ಟಿದರೆ ಆಸ್ತಿ ಅದಕ್ಕೆ, ಹಾಗಾಗಿ ತಂಗಿಯರು ಕಾಯಬೇಕಾಯಿತು. ಒಂಬತ್ತು ತಿಂಗಳು ಕಳೆಯಿತು, ವರ್ಷ ಕಳೆಯಿತು, ಎರಡು ವರ್ಷ ಕಳೆಯಿತು. ಪಾಲುಪಟ್ಟಿ ಆದದ್ದು 1317ರಲ್ಲಿ! ಆಗಲೂ ಮೂರನೇ ಒಂದು ಪಾಲು ಮಾಡ್‌ಳ ಕೈಯಲ್ಲೇ ಇತ್ತು; 1320ರಲ್ಲಿ ಅವಳು ತೀರಿಕೊಂಡ ಮೇಲೆಯೇ ಅದು ನಾದಿನಿಯರಿಗೆ ಬಂತು. ಅವಳದನ್ನು ಬರೀ ಹಟ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮಕ್ಕಳಿಲ್ಲದ, ಗಂಡನನ್ನು ಕಳೆದುಕೊಂಡ ಹುಡುಗಿ ಆಕೆ.

ಇತ್ತ ಎಲಿಜಬೆತ್‌ಳ ಗಂಡ ಜಾನ್ 1313ರಲ್ಲೇ ಸತ್ತಿದ್ದ. 1316ರಲ್ಲಿ ಥಿಯೊಬಾಲ್ಡ್ ಡಿ ವರ್ಡನ್ ಅವಳನ್ನು ಬ್ರಿಸ್ಟಲ್ ಕೋಟೆಯಿಂದ ದೊರೆಯ ಅಪ್ಪಣೆಯಿಲ್ಲದೆ ಕರೆದೊಯ್ದು ಮದುವೆಯಾದ; ಆರು ತಿಂಗಳಲ್ಲಿ ಅವನೂ ಹೋದ. ಹೊಟ್ಟೆಯಲ್ಲಿದ್ದ ಮಗಳನ್ನು ಅವಳು ಏಮ್ಸ್‌ಬರಿ ಮಠದಲ್ಲಿ ಹೆತ್ತಳು. ಅಲ್ಲಿ ಚಿಕ್ಕಮ್ಮ ಮೇರಿ ಸನ್ಯಾಸಿನಿಯಾಗಿದ್ದಳು. ಸೋದರಮಾವನ ಒತ್ತಾಯಕ್ಕೆ ಅವನ ಮೆಚ್ಚಿನ ರೋಜರ್ ಡಾಮೊರಿಯನ್ನು ಕಟ್ಟಿಕೊಂಡಳು. 1322ರಲ್ಲಿ ಅವನು ದೊರೆಯ ವಿರುದ್ಧದ ದಂಗೆಯಲ್ಲಿ ಸತ್ತ. ಅವಳನ್ನು ಬಾರ್ಕಿಂಗ್ ಮಠದಲ್ಲಿ ಬಂಧನದಲ್ಲಿಟ್ಟರು. ಅಕ್ಕ ಎಲಿನರ್‌ಳ ಗಂಡ ಹ್ಯೂ ಡಿಸ್ಪೆನ್ಸರ್, ಸ್ವಂತ ಭಾವ, ವೇಲ್ಸ್ ನಾಡಿನಲ್ಲಿದ್ದ ಅವಳ ಅಸ್ಕ್ ಸೀಮೆಯನ್ನು ಬಲವಂತವಾಗಿ ಬರೆಸಿಕೊಂಡು ಬದಲಿಗೆ ಅಲ್ಲಿನದೇ ಗೌವರ್ ಸೀಮೆ ಕೊಟ್ಟ, ಆಮೇಲೆ ಅದನ್ನೂ ಕಿತ್ತುಕೊಂಡ. 1326ರಲ್ಲಿ ಅವಳು ಈ ಅನ್ಯಾಯವನ್ನೆಲ್ಲ ಗುಟ್ಟಾಗಿ ಬರೆಸಿಟ್ಟಳು. ಅದೇ ವರ್ಷ ಡಿಸ್ಪೆನ್ಸರ್‌ನನ್ನು ಗಲ್ಲಿಗೇರಿಸಿದರು, ಭೂಮಿ ಅವಳ ಕೈಗೆ ಮರಳಿತು.

ಆಮೇಲೆ ಮದುವೆಯ ಮಾತೇ ಇಲ್ಲ. ಬ್ರಹ್ಮಚರ್ಯದ ವ್ರತ ತೊಟ್ಟಳು. ಒಂಟಿಯಾಗಿರಲು ಬಯಸುವ ವಿಧವೆಯನ್ನು ಮದುವೆಗೆ ಬಲವಂತಪಡಿಸಬಾರದೆಂದು ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಸನದು ಮ್ಯಾಗ್ನಾ ಕಾರ್ಟಾ 1215ರಲ್ಲೇ ಹೇಳಿತ್ತು. ಆದರೆ ಆ ಹಕ್ಕನ್ನು ಉಳಿಸಿಕೊಳ್ಳಲು ಕೈಯಲ್ಲಿ ಭೂಮಿ ಬೇಕು. ಅವಳಿಗೆ ತವರಿನ ಪಾಲು, ಗಂಡಂದಿರ ಮನೆಗಳಿಂದ ಬಂದ ಪಾಲು ಎರಡೂ ಇದ್ದವು. 1322ರಿಂದ 38 ವರ್ಷ ವಿಧವೆಯಾಗಿಯೇ ಉಳಿದು ಯಜಮಾನಿಕೆ ನಡೆಸಿದಳು. ಆ ಮನೆಯ ಲೆಕ್ಕದ ಸುರುಳಿಗಳು ನೂರರಷ್ಟು ಇಂದಿಗೂ ಉಳಿದಿವೆ. ಕೇಂಬ್ರಿಜ್‌ನಲ್ಲಿ ಸೊರಗಿದ್ದ ವಿದ್ಯಾಲಯವೊಂದಕ್ಕೆ 1338ರಲ್ಲಿ ಮರುಜೀವ ಕೊಟ್ಟಳು, ಅದೇ ಇಂದಿನ ಕ್ಲೇರ್ ಕಾಲೇಜು. ಅದರ ಲಾಂಛನದ ಕಪ್ಪು ಅಂಚಿನ ಮೇಲೆ ಹನಿಗಳಿವೆ. ಅವು ವಿಧವೆಯ ಕಣ್ಣೀರು ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿದೆ.

ಆ ಹುಡುಗಿಗೆ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ತೋರಿಸಿದೆ. 1360ರಲ್ಲಿ ಎಲಿಜಬೆತ್ ಸತ್ತಾಗ ವಿಧವೆಯ ಪಾಲು ಆಯಾ ಗಂಡನ ವಾರಸುದಾರರ ಕಡೆಗೆ. ತವರಿನ ಕ್ಲೇರ್ ಆಸ್ತಿ ಮೊಮ್ಮಗಳಿಗೆ, 1333ರಲ್ಲಿ ಕೊಲೆಯಾದ ಮಗ ವಿಲಿಯಂನ ಒಬ್ಬಳೇ ಮಗಳಿಗೆ. ಅವಳ ಹೆಸರೂ ಎಲಿಜಬೆತ್, ಗಂಡ ದೊರೆ ಮೂರನೇ ಎಡ್ವರ್ಡನ ಮಗ ಲಯನಲ್. 1362ರಲ್ಲಿ ಅವನಿಗೆ ಡ್ಯೂಕ್ ಪದವಿ ಕೊಟ್ಟಾಗ ಕ್ಲೇರ್‌ನ ಹೆಸರಿನಿಂದಲೇ ‘ಕ್ಲಾರೆನ್ಸ್’ ಎಂದು ಕರೆದರು.