ಲ್ಯಾಪ್‌ಟಾಪ್ ಗೇಮಿಂಗ್: ವಿಂಡೋಸಾ, ಲಿನಕ್ಸಾ? ಮೊದಲು ವಾಟ್ ನೋಡಿ

ಒಂದೇ ಲ್ಯಾಪ್‌ಟಾಪ್, ಒಂದೇ ಗೇಮ್. ವಿಂಡೋಸ್‌ನಲ್ಲಿ 80 ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಅನ್ನೋ ಲೆಕ್ಕ) ಬಂತು, ಲಿನಕ್ಸ್‌ನಲ್ಲಿ 66 ಬಂತು ಅಂತಿಟ್ಟುಕೊಳ್ಳಿ. "ಲಿನಕ್ಸ್ ಗೇಮಿಗೆ ಆಗಲ್ಲ" ಅಂತ ಅಲ್ಲಿಗೇ ಕೈಬಿಡುವವರು ತುಂಬಾ ಜನ. ಆದರೆ ಆ 14 ಫ್ರೇಮ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂನ ಪಾಲೆಷ್ಟು, ವಿದ್ಯುತ್ತಿನ ಪಾಲೆಷ್ಟು ಅಂತ ಬಿಡಿಸಿ ನೋಡದೆ ತೀರ್ಪು ಕೊಡಬಾರದು. ಈ ಟಿಪ್ಪಣಿ ಅದಕ್ಕಾಗಿಯೇ.

ಲ್ಯಾಪ್‌ಟಾಪ್‌ನಲ್ಲಿ ಬರುವ ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ತಗೊಳ್ಳೋಣ. ಹೆಸರು ಒಂದೇ, ಆದರೆ ಅದು 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟರಲ್ಲಿ ಬೇಕಾದರೂ ಓಡಬಹುದು. ಮಿತಿ ಎಷ್ಟು ಅನ್ನೋದನ್ನು ಲ್ಯಾಪ್‌ಟಾಪ್ ತಯಾರಿಸಿದವರು ಗೊತ್ತು ಮಾಡಿರುತ್ತಾರೆ. ಇದರ ಮೇಲೆ ಡೈನಾಮಿಕ್ ಬೂಸ್ಟ್ ಅಂತ ಒಂದಿದೆ. ಪ್ರೊಸೆಸರ್‌ಗೆ ಕೆಲಸ ಕಡಿಮೆ ಇದ್ದಾಗ ಅದರ ಪಾಲಿನ ವಾಟ್‌ಗಳನ್ನು ಇದು ಗ್ರಾಫಿಕ್ಸ್ ಚಿಪ್‌ಗೆ ಕೊಡುತ್ತದೆ. ವಿಂಡೋಸ್‌ನಲ್ಲಿ ಇದು ಡ್ರೈವರ್ ಜೊತೆಗೇ ಬರುತ್ತದೆ. ಲಿನಕ್ಸ್‌ನಲ್ಲಿ ಎನ್‌ವಿಡಿಯಾ-ಪವರ್‌ಡಿ ಅನ್ನೋ ಸರ್ವಿಸ್ ಓಡುತ್ತಿರಬೇಕು. ಅದು ಆಫ್ ಇದ್ದರೆ ಚಿಪ್ ಬೂಸ್ಟ್ ಇಲ್ಲದ ಮಿತಿಯಲ್ಲೇ ನಿಂತುಬಿಡುತ್ತದೆ, ಬೈಗುಳ ಮಾತ್ರ ಲಿನಕ್ಸ್‌ಗೆ ಬೀಳುತ್ತದೆ.

ನೋಡೋದು ಸುಲಭ. ಗೇಮ್ ಓಡುತ್ತಿರುವಾಗ ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಕೊಡಿ. ಈಗ ಎಷ್ಟು ವಾಟ್ ಎಳೆಯುತ್ತಿದೆ ಅಂತ ತೋರಿಸುತ್ತದೆ. ಇದೇ ಕಮಾಂಡ್ ವಿಂಡೋಸ್‌ನಲ್ಲೂ ಇದೆ. ಒಂದು ಕಡೆ 80 ವಾಟ್, ಇನ್ನೊಂದು ಕಡೆ 95 ವಾಟ್ ಬಂದರೆ ನೀವು ಹೋಲಿಸುತ್ತಿರುವುದು ಎರಡು ಆಪರೇಟಿಂಗ್ ಸಿಸ್ಟಂಗಳನ್ನಲ್ಲ, ಎರಡು ವಾಟ್ ಮಿತಿಗಳನ್ನು. ಚಾರ್ಜರ್ ಹಾಕಿ, ಎರಡೂ ಕಡೆ ಪರ್ಫಾರ್ಮೆನ್ಸ್ ಮೋಡ್ ಇಟ್ಟು, ಹದಿನೈದಿಪ್ಪತ್ತು ನಿಮಿಷ ಆಡಿ ಬಿಸಿಯಾದ ಮೇಲೆ ಬರುವ ಅಂಕಿಯನ್ನೇ ಬರೆದುಕೊಳ್ಳಿ. ತಣ್ಣಗಿದ್ದಾಗ ಎಲ್ಲ ಲ್ಯಾಪ್‌ಟಾಪೂ ಚೆನ್ನಾಗೇ ಓಡುತ್ತೆ.

ಇನ್ನೊಂದು ವಿಷಯ, ಗೇಮ್ ಯಾವ ಚಿಪ್ ಮೇಲೆ ಓಡುತ್ತಿದೆ? ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ. ಲಿನಕ್ಸ್‌ನಲ್ಲಿ ಒಮ್ಮೊಮ್ಮೆ ಗೇಮ್ ಪ್ರೊಸೆಸರ್ ಒಳಗಿನ ಸಣ್ಣ ಚಿಪ್ ಮೇಲೇ ತೆರೆದುಕೊಳ್ಳುತ್ತದೆ. ಪರದೆಯನ್ನು ನೇರವಾಗಿ ದೊಡ್ಡ ಚಿಪ್‌ಗೆ ಜೋಡಿಸುವ ಮಕ್ಸ್ ಸ್ವಿಚ್ ಇದ್ದರೆ ಎರಡೂ ಕಡೆ ಒಂದೇ ಸ್ಥಿತಿಯಲ್ಲಿಡಿ.

ಇಷ್ಟು ಸರಿಮಾಡಿದ ಮೇಲೂ ಉಳಿಯುವ ಅಂತರವೇ ನಿಜವಾದ ಪಾಠ. ವಿಂಡೋಸ್ ಗೇಮ್ ಲಿನಕ್ಸ್‌ನಲ್ಲಿ ಓಡುವುದು ಪ್ರೋಟಾನ್ ಮೂಲಕ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಅನ್ನೋ ತಂತ್ರಾಂಶದ ಮೇಲೆ ಇದನ್ನು ಕಟ್ಟಿದ್ದಾರೆ. ಸ್ಟೀಮ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಇದನ್ನು 2018ರ ಆಗಸ್ಟ್‌ನಲ್ಲಿ ತಂದಿತು. ಗೇಮ್ ಗ್ರಾಫಿಕ್ಸ್ ಚಿಪ್‌ಗೆ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಆಜ್ಞೆ ಕೊಡುತ್ತದೆ. 9, 10, 11ನೇ ಆವೃತ್ತಿಗಳನ್ನು ಡಿಎಕ್ಸ್‌ವಿಕೆ, 12ನ್ನು ವಿಕೆಡಿ3ಡಿ-ಪ್ರೋಟಾನ್ ಹಿಡಿದು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಭಾಷೆಗೆ ಬದಲಿಸುತ್ತವೆ. ಇದಕ್ಕೆ ಪ್ರೊಸೆಸರ್ ಸಮಯ ಸ್ವಲ್ಪ ಹೋಗುತ್ತದೆ, ವಿಡಿಯೊ ಮೆಮೊರಿಯೂ ಸ್ವಲ್ಪ ಜಾಸ್ತಿ ಬೇಕಾಗುವುದುಂಟು. 8 ಜಿಬಿ ಇದ್ದರೆ ಅಷ್ಟಾಗಿ ಗೊತ್ತಾಗಲ್ಲ, 4 ಜಿಬಿಯ ಆರ್‌ಟಿಎಕ್ಸ್ 3050ಯಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಎನ್‌ವಿಡಿಯಾ ಚಿಪ್ ಮೇಲೆ ಡೈರೆಕ್ಟ್‌ಎಕ್ಸ್ 12 ಗೇಮ್ ಆಡಿದರೆ ಲಿನಕ್ಸ್ ಹಿಂದೆ ಬೀಳುವುದು ಜಾಸ್ತಿ. ಎಎಂಡಿಯಲ್ಲಿ ಅಂತರ ಕಡಿಮೆ, ಕೆಲವು ಗೇಮ್‌ಗಳಲ್ಲಿ ಲಿನಕ್ಸೇ ಮುಂದಿರುತ್ತದೆ. ಅಲ್ಲಿ ಡ್ರೈವರ್ ಓಪನ್ ಸೋರ್ಸ್, ಅದರ ಮೇಲೆ ವಾಲ್ವ್‌ನ ದುಡ್ಡೂ ಜನರೂ ಕೆಲಸ ಮಾಡಿದ್ದಾರೆ.

ನಡುವೆ ಇನ್ನೊಂದು ಪದರ ಇದ್ದರೆ ನಷ್ಟವೇ ಅಂತ ಅಂದುಕೊಳ್ಳಬೇಡಿ. 2022ರ ಫೆಬ್ರವರಿಯಲ್ಲಿ ಎಲ್ಡನ್ ರಿಂಗ್ ಅನ್ನೋ ಗೇಮ್ ಬಂದಾಗ ಪಿಸಿಯಲ್ಲಿ ತಡವರಿಸುತ್ತಿತ್ತು. ಕೆಲವು ಕಡೆ ಗೇಮ್ ಒಮ್ಮೆಲೇ ಸಾವಿರಾರು ಕಮಾಂಡ್ ಬಫರ್‌ಗಳಂಥವನ್ನು (ಚಿಪ್‌ಗೆ ಕೊಡುವ ಆಜ್ಞೆಗಳ ಕಟ್ಟು) ಸೃಷ್ಟಿಸುತ್ತಿತ್ತು, ಮೆಮೊರಿ ನಿರ್ವಹಣೆಗೆ ಅದು ಭಾರವಾಗುತ್ತಿತ್ತು. ವಾಲ್ವ್‌ನವರು ತಮ್ಮ ಪದರದಲ್ಲೇ ಅವನ್ನು ಮತ್ತೆ ಬಳಸಲು ಸಿಗುವಂತೆ ಕ್ಯಾಶ್ ಮಾಡಿಟ್ಟರು. ಕೈಯಲ್ಲಿ ಹಿಡಿದು ಆಡುವ ವಾಲ್ವ್‌ನ ಸ್ಟೀಮ್ ಡೆಕ್‌ನಲ್ಲಿ, ಅಂದರೆ ಲಿನಕ್ಸ್‌ನಲ್ಲಿ, ಆ ತಡವರಿಕೆ ಕಡಿಮೆಯಾಯಿತು. ಗೇಮ್‌ನ ಕೋಡ್ ಮುಟ್ಟದೆ ಹೊರಗಿನಿಂದಲೇ ಅದರ ದೋಷ ತಿದ್ದಬಹುದು ಅನ್ನೋದು ನನಗೆ ಇವತ್ತಿಗೂ ಬೆರಗು.

ಈ ತಡವರಿಕೆ ಸರಾಸರಿ ಎಫ್‌ಪಿಎಸ್‌ನಲ್ಲಿ ಕಾಣುವುದೇ ಇಲ್ಲ. ಲೆಕ್ಕ ಮಾಡಿ ನೋಡೋಣ. 100 ಫ್ರೇಮ್‌ಗಳಲ್ಲಿ 99ಕ್ಕೆ ತಲಾ 10 ಮಿಲಿಸೆಕೆಂಡ್, ಒಂದಕ್ಕೆ 110 ಮಿಲಿಸೆಕೆಂಡ್ ಬೇಕಾಯಿತು. ಒಟ್ಟು 1,100 ಮಿಲಿಸೆಕೆಂಡ್, ಸರಾಸರಿ ಸುಮಾರು 91 ಎಫ್‌ಪಿಎಸ್. ಇನ್ನೊಂದು ಕಡೆ ಪ್ರತಿ ಫ್ರೇಮ್‌ಗೂ 12.5 ಮಿಲಿಸೆಕೆಂಡ್, ಸರಾಸರಿ 80. ಕಾಗದದ ಮೇಲೆ ಮೊದಲನೆಯದೇ ಗೆಲ್ಲುತ್ತದೆ. ಆಡುವಾಗ ಮಾತ್ರ ಕೈಗೆ ಹಿತವೆನಿಸೋದು ಎರಡನೆಯದು, ಅಲ್ವಾ? ಹಾಗಾಗಿ ಫ್ರೇಮ್ ಟೈಮ್ ಗೆರೆ ನೋಡಿ. ಲಿನಕ್ಸ್‌ನಲ್ಲಿ ಮ್ಯಾಂಗೋಹಡ್, ವಿಂಡೋಸ್‌ನಲ್ಲಿ ಪ್ರೆಸೆಂಟ್‌ಮಾನ್ ಇದನ್ನು ತೋರಿಸುತ್ತವೆ. ಮೊದಲ ಸಲದ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ಶೇಡರ್‌ಗಳು (ಚಿತ್ರ ಬಿಡಿಸಲು ಗ್ರಾಫಿಕ್ಸ್ ಚಿಪ್ ಓಡಿಸುವ ಸಣ್ಣ ಪ್ರೋಗ್ರಾಂಗಳು) ಇನ್ನೂ ತಯಾರಾಗುತ್ತಿರುತ್ತವೆ.

ವಿಂಡೋಸ್ 11ರಲ್ಲೂ ಒಂದು ಅಡ್ಡಗಾಲಿದೆ. ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೆ ಕೆಲವು ಸಂದರ್ಭಗಳಲ್ಲಿ ಗೇಮ್‌ನ ವೇಗ ಇಳಿಯಬಹುದು ಅಂತ ಮೈಕ್ರೋಸಾಫ್ಟೇ ಒಪ್ಪಿಕೊಂಡಿದೆ. ಆದರೆ ಅದು ಭದ್ರತೆಯ ಸೌಲಭ್ಯ. ಪರೀಕ್ಷೆಗೆ ಆಫ್ ಮಾಡಿದರೆ ಮುಗಿದ ಕೂಡಲೇ ಆನ್ ಮಾಡಿ.

 

ವೇಗದ ಮಾತೇ ಏಳದ ಗೇಮ್‌ಗಳೂ ಇವೆ. ವ್ಯಾಲೊರಂಟ್‌ನ ಆ್ಯಂಟಿ-ಚೀಟ್ (ಮೋಸದಾಟ ತಡೆಯುವ ಪ್ರೋಗ್ರಾಂ) ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಕೂರುತ್ತದೆ, ಲಿನಕ್ಸ್‌ನಲ್ಲಿ ಆ ಗೇಮ್ ಓಡೋದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರಲ್ಲಿ ಲಿನಕ್ಸ್‌ಗೆ ಬಾಗಿಲು ಮುಚ್ಚಿದರು. ಇವನ್ನು ಆಡುವವರು ವಿಂಡೋಸ್ ಇಟ್ಟುಕೊಳ್ಳಲೇಬೇಕು. ಎರಡನ್ನೂ ಇಟ್ಟುಕೊಂಡರೆ ಒಂದೇ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಇಡುವ ಪದ್ಧತಿ) ಡ್ರೈವ್‌ನಿಂದ ಎರಡೂ ಕಡೆ ಗೇಮ್ ಓಡಿಸಲು ಹೋಗಬೇಡಿ. ಪ್ರೋಟಾನ್ ಮಾಡಿಕೊಳ್ಳುವ ಕೆಲವು ಫೈಲ್ ಹೆಸರುಗಳಲ್ಲಿ ಕೋಲನ್ (:) ಚಿಹ್ನೆ ಇರುತ್ತದೆ, ವಿಂಡೋಸ್‌ಗೆ ಅದು ಆಗಿಬರಲ್ಲ. ಲಿನಕ್ಸ್ ಗೇಮ್‌ಗಳಿಗೆ ಲಿನಕ್ಸ್‌ನದೇ ಪದ್ಧತಿಯಾದ ಎಕ್ಸ್‌ಟಿ4ನಲ್ಲಿ ಬೇರೆ ಪಾರ್ಟಿಷನ್ ಮಾಡಿಕೊಳ್ಳಿ.