"ನಾನು ಎಷ್ಟು ಪರ್ಸೆಂಟ್?" ಅಂತ ಕೇಳುವವರಿಗೆ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಜನರಿಗೆ ಅವರ ವಂಶಾವಳಿ ಹುಡುಕಿಕೊಡುವ ಕೆಲಸ ನನ್ನದು. ಬರುವವರಲ್ಲಿ ಜಾಸ್ತಿ ಬಿಳಿಯರು. ಕೈಯಲ್ಲಿ ಡಿಎನ್‌ಎ ಟೆಸ್ಟಿನ ಕಾಗದ ಇರುತ್ತದೆ. ಕೂತ ಕೂಡಲೇ ಕೇಳುತ್ತಾರೆ: "ನಾನು ಎಷ್ಟು ಪರ್ಸೆಂಟ್ ಅಬೊರಿಜಿನಲ್?" ಅಬೊರಿಜಿನಲ್ ಅಂದರೆ ಬಿಳಿಯರು ಬರುವ ಮೊದಲಿನಿಂದ ಈ ನೆಲದಲ್ಲಿದ್ದ ಮೂಲನಿವಾಸಿಗಳು. ಕೇಳಿ ಕೇಳಿ ನನಗೆ ಸಾಕಾಗಿದೆ.

ಒಬ್ಬ ಹೆಂಗಸು ಮಾತ್ರ ಬೇರೆ ರೀತಿ ಶುರು ಮಾಡಿದರು. "ನಮ್ಮ ಮುತ್ತಜ್ಜಿ ಇಂಡಿಯಾದವರಂತೆ. ನೀವೂ ಅಲ್ಲಿಯವರೇ ಅಲ್ವಾ, ಅವರ ಊರು ಹುಡುಕಿಕೊಡಿ." ನನಗೆ ಆಗಲೇ ಅನುಮಾನ ಬಂತು. ಮಕ್ಕಳನ್ನು ಸರ್ಕಾರದವರು ಎತ್ತಿಕೊಂಡು ಹೋಗದಿರಲಿ ಅಂತ, ಮೈಬಣ್ಣದ ಬಗ್ಗೆ ಕೇಳಿದವರಿಗೆಲ್ಲ "ನಾವು ಇಂಡಿಯನ್ನರು", "ಸ್ಪೇನಿನವರು", "ಮಾವೊರಿಗಳು" ಅಂತ ಹೇಳಿಕೊಂಡು ಬದುಕಿದ ಮನೆಗಳು ಇಲ್ಲಿ ಕಡಿಮೆ ಇಲ್ಲ. ಹಾಗಂತ ಎಲ್ಲವೂ ಸುಳ್ಳಲ್ಲ. ಭಾರತದಿಂದ ಬಂದು ಹಳ್ಳಿ ಹಳ್ಳಿ ತಿರುಗಿ ಸಾಮಾನು ಮಾರಿದವರೂ ಇದ್ದರು. ಅದಕ್ಕೇ ಕಡತ ನೋಡದೆ ನಾನು ಏನೂ ಹೇಳುವುದಿಲ್ಲ.

ಆ ಭಯ ಸುಮ್ನೆ ಬಂದದ್ದಲ್ಲ. ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾನೂನಿನಲ್ಲಿ 16 ವರ್ಷದೊಳಗಿನ ಅಬೊರಿಜಿನಲ್ ಮಗುವಿಗೂ, ಕಾನೂನಿನ ಭಾಷೆಯಲ್ಲಿ 'ಅರ್ಧ ಜಾತಿ' ಅನಿಸಿಕೊಂಡ ಮಗುವಿಗೂ ಪೋಷಕ ಹೆತ್ತ ತಾಯಿಯಲ್ಲ, ಮುಖ್ಯ ಸಂರಕ್ಷಕ ಅನ್ನುವ ಅಧಿಕಾರಿ. 1936ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿದರು. ಬಿಳಿಯ ಗಂಡಸು ಅಬೊರಿಜಿನಲ್ ಹೆಂಗಸಿನ ಜೊತೆ ಸಂಸಾರ ಮಾಡಿದರೆ ಅಪರಾಧವಾಗಿತ್ತು. ಅವರಿಬ್ಬರ ಮದುವೆಗೆ ಅದೇ ಅಧಿಕಾರಿಯ ಅನುಮತಿ ಬೇಕಿತ್ತು. ಹೀಗಿರುವಾಗ ಜನನ ದಾಖಲೆಯಲ್ಲಿ ಅಪ್ಪನ ಹೆಸರು ಖಾಲಿ ಇದ್ದರೆ ಆಶ್ಚರ್ಯ ಏನಿದೆ?

ಪರ್ಸೆಂಟಿನ ಲೆಕ್ಕ ಶುರುವಾದದ್ದೂ ಅಂಥ ಕಚೇರಿಗಳಲ್ಲೇ. ಅರ್ಧ, ಕಾಲು, ಅರೆಕಾಲು ಅಂತ ಮಕ್ಕಳನ್ನು ವಿಂಗಡಿಸಿದರು. 1915ರಿಂದ 1940ರವರೆಗೆ ಇಲ್ಲಿ ಆ ಅಧಿಕಾರಿಯ ಹುದ್ದೆಯಲ್ಲಿದ್ದ ಎ.ಒ. ನೆವಿಲ್‌ಗೆ ಕೆಲವು ತಲೆಮಾರಿನಲ್ಲಿ ಬಣ್ಣವೇ ಮಾಸಿಹೋಗಲಿ ಅನ್ನುವ ಯೋಜನೆ ಇತ್ತು. 1944ರ ಇನ್ನೊಂದು ಕಾನೂನಿನಲ್ಲಿ ಅಬೊರಿಜಿನಲ್ ಜನರಿಗೆ ಪೌರತ್ವದ ಕಾಗದ ಬೇಕಾದರೆ ತೀರಾ ಹತ್ತಿರದ ರಕ್ತಸಂಬಂಧಿಗಳನ್ನು ಬಿಟ್ಟು ತಮ್ಮವರ ಜೊತೆಗಿನ ಒಡನಾಟವನ್ನೆಲ್ಲ ಎರಡು ವರ್ಷ ಮೊದಲೇ ಕಡಿದುಕೊಂಡಿರಬೇಕಿತ್ತು. ಜನ ಆ ಕಾಗದಕ್ಕೆ ನಾಯಿ ಬಿಲ್ಲೆ ಅಂತ ಹೆಸರಿಟ್ಟರು. ನೀವು ಪರ್ಸೆಂಟ್ ಕೇಳಿದಾಗ ಎದುರಿಗಿರುವ ಅಜ್ಜಿಗೆ ನೆನಪಾಗುವುದು ಇದೆಲ್ಲ.

ಡಿಎನ್‌ಎ ವಿಷಯ ಇನ್ನೊಮ್ಮೆ ಹೇಳುತ್ತೇನೆ, ಎಷ್ಟು ಸಲ ಹೇಳಿದರೂ ಯಾರಿಗೂ ತಲೆಗೆ ಹೋಗುವುದಿಲ್ಲ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತದೆ, ಸರಿ. ಯಾವ ಅರ್ಧ ಅನ್ನುವುದು ಅದೃಷ್ಟ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ತಂಗಿಯರ ಕಾಗದದಲ್ಲೇ ಬೇರೆ ಬೇರೆ ಸಂಖ್ಯೆ ಬರುತ್ತದೆ. ಹೋಲಿಸಿ ನೋಡಲು ಕಂಪನಿಗಳ ಬಳಿ ಇರುವ ಅಬೊರಿಜಿನಲ್ ಮಾದರಿಗಳೂ ತೀರಾ ಕಡಿಮೆ. ಆದ್ದರಿಂದ ಸೊನ್ನೆ ಬಂದರೆ ಮುತ್ತಜ್ಜಿ ಇರಲಿಲ್ಲ ಅಂತಲ್ಲ, ಎಂಟು ಬಂದರೆ ನಿಮಗೊಂದು ಊರು ಸಿಕ್ಕಿತು ಅಂತಲೂ ಅಲ್ಲ. ಯಾರು ಅಬೊರಿಜಿನಲ್ ಅಂತ ತೀರ್ಮಾನಿಸಲು ಸರ್ಕಾರ ಕೂಡ ಸಾಮಾನ್ಯವಾಗಿ ನೋಡುವುದು ಮೂರು ವಿಷಯ: ವಂಶ, ನೀವು ನಿಮ್ಮನ್ನು ಏನಂದುಕೊಳ್ಳುತ್ತೀರಿ, ಆ ಸಮುದಾಯ ನಿಮ್ಮನ್ನು ತಮ್ಮವರು ಅನ್ನುತ್ತದೋ ಇಲ್ಲವೋ. ಅಡ್ಡಹೆಸರನ್ನೂ ಪೂರ್ತಿ ನಂಬಬೇಡಿ. ಜಾನುವಾರು ಎಸ್ಟೇಟುಗಳಲ್ಲಿ ಕೆಲಸಗಾರರಿಗೆ ಯಜಮಾನನ ಹೆಸರನ್ನೇ ಅಂಟಿಸುತ್ತಿದ್ದರು.

ನೂಂಗಾರ್ ಅಂದರೆ ಪರ್ತ್ ಸೇರಿದ ನೈಋತ್ಯ ಭಾಗದ ಅಬೊರಿಜಿನಲ್ ಜನ. ಅವರ ಹಿರಿಯರು ಹೊಸಬರನ್ನು ಕೇಳುವುದೇ ಬೇರೆ. "ನಿನ್ನ ಜನ ಯಾರು?" ನಮ್ಮಜ್ಜಿ ಜಗಲಿ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನು "ಯಾರ ಕಡೆಯವನಪ್ಪಾ?" ಅಂತ ಕರೆದು ನಿಲ್ಲಿಸುತ್ತಿದ್ದರಲ್ಲ, ಹಾಗೇ. ಉತ್ತರಕ್ಕೆ ಸಂಖ್ಯೆ ನಡೆಯುವುದಿಲ್ಲ. ಒಂದು ಮನುಷ್ಯನ ಹೆಸರು ಬೇಕು.

ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮಗೆ ಅಮ್ಮನ ಅಕ್ಕ ದೊಡ್ಡಮ್ಮ, ಆಕೆಯ ಮಕ್ಕಳು ಅಕ್ಕ ತಂಗಿ. ಸೋದರಮಾವನ ಮಗಳು ಮಾತ್ರ ಬೇರೆ ಲೆಕ್ಕ. ಈ ರಾಜ್ಯದ ವಾಯವ್ಯಕ್ಕಿರುವ ಕರಿಯೆರಾ ಅನ್ನುವ ಅಬೊರಿಜಿನಲ್ ಜನರಲ್ಲೂ ಹೆಚ್ಚುಕಡಿಮೆ ಇದೇ ವಿಂಗಡಣೆ ಇತ್ತು. ಮಾನವಶಾಸ್ತ್ರಜ್ಞರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಅದಕ್ಕೆ ನಾವೂ ಅವರೂ ನೆಂಟರು ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ, ದಯವಿಟ್ಟು. ಲೆಕ್ಕದ ರೀತಿ ಒಂದೇ, ಅಷ್ಟೇ.

ಆ ಹೆಂಗಸಿನ ಮುತ್ತಜ್ಜಿ ಇಂಡಿಯಾದವರಲ್ಲ. ಸರ್ಕಾರ ಅಬೊರಿಜಿನಲ್ ಜನರನ್ನು ತಂದಿಡುತ್ತಿದ್ದ, ಪರ್ತ್‌ನ ಉತ್ತರಕ್ಕಿದ್ದ ಮೂರ್ ರಿವರ್ ವಸಾಹತಿನ ಕಡತದಲ್ಲಿ ಸಿಕ್ಕರು, ಇಬ್ಬರು ಹೆಣ್ಣುಮಕ್ಕಳ ಜೊತೆ. ಒಬ್ಬಳು ಬಿಳಿಯರ ನಡುವೆ ಸೇರಿಹೋದಳು, ಅದು ಈಕೆಯ ಅಜ್ಜಿ. ಇನ್ನೊಬ್ಬಳ ಮೊಮ್ಮಗಳು ನನ್ನ ಕಚೇರಿಯಿಂದ ಒಂದು ಗಂಟೆ ದೂರದಲ್ಲೇ ಇದ್ದರು. ಭೇಟಿಗೆ ಹೋಗುವ ಮೊದಲು ಒಂದೇ ಮಾತು ಹೇಳಿದ್ದೆ: ಸತ್ತವರ ಫೋಟೋ ಹೊರಗೆ ತೆಗೆದು ತೋರಿಸುವ ಮುಂಚೆ ಕೇಳಿ, ಕೆಲವರಿಗೆ ನೋಡಲು ಆಗುವುದಿಲ್ಲ. ಡಿಎನ್‌ಎ ಕಾಗದ ಬೇಡ ಅಂದಿದ್ದೆ, ಆದರೂ ಒಯ್ದಿದ್ದರು. ಅದರ ಮೇಲೆ ಆ ಮೊಮ್ಮಗಳು ಟೀ ಲೋಟ ಇಟ್ಟರಂತೆ.

ಮೊನ್ನೆ ಆಕೆಯ ಫೋನ್ ಬಂತು. ಆ ಮೊಮ್ಮಗಳು ತೀರಿಕೊಂಡಿದ್ದರು. "ಅಂತ್ಯಕ್ರಿಯೆಗೆ ರಜೆ ಕೇಳಿದೆ. ನಿಮಗೆ ಅಕ್ಕ ಇರಲೇ ಇಲ್ಲವಲ್ಲ ಅಂತಾರೆ ಆಫೀಸಿನವರು. ಅರ್ಜಿಯಲ್ಲಿ ಏನಂತ ಬರೆಯಲಿ?"

ಅಕ್ಕ ಅಂತಲೇ ಬರೆಯಿರಿ ಅಂದೆ.