ಬಳೆ ಬಾಳೆಯಾದ ಕಥೆ: ಟ್ಯೂನ್‌ಗೆ ಸಾಲು ಬರೆಯುವ ಟಿಪ್ಪಣಿ

ಹಾಡು ಬರೆಯಲು ಶುರು ಮಾಡಿ ಮೂರು ತಿಂಗಳಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪಲ್ಲವಿ ಎಂದರೇನು, ಚರಣ ಎಂದರೇನು ಎನ್ನುವುದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಗೆಳೆಯನೊಬ್ಬ ಕೀಬೋರ್ಡ್ ನುಡಿಸುತ್ತಾನೆ. ಅವನು ಟ್ಯೂನ್ ಕಳಿಸಿದ. ಸಿನಿಮಾದಲ್ಲೂ ಈಗ ಜಾಸ್ತಿ ನಡೆಯುವುದು ಹೀಗೇ, ಮೊದಲು ಟ್ಯೂನ್, ಆಮೇಲೆ ಸಾಹಿತ್ಯ. ಟ್ಯೂನ್ ಹೀಗಿತ್ತು:

ತಾನ ತಾನನ ತಾನ ತಾನನ

ನಾನು ಅಕ್ಷರ ಎಣಿಸಿದೆ. ಹತ್ತು. ಹತ್ತಕ್ಷರದ ಸಾಲು ಬರೆದೆ:

ನಿನ್ನ ಬಳೆಯ ಸದ್ದು ಕೇಳಿದೆ

ಅವನು ಹಾಡಿದಾಗ ಕೇಳಿದ್ದು "ನಿನ್ನ ಬಾಳೆಯ ಸದ್ದು ಕೇಳಿದೆ". ಬಾಳೆಗೆ ಎಂಥ ಸದ್ದು ಮಾರಾಯ ಎಂದು ಅವನೇ ನಕ್ಕ. ನನಗೆ ನಗು ಬರಲಿಲ್ಲ. ಹತ್ತಕ್ಕೆ ಹತ್ತು ಸರಿ ಇತ್ತಲ್ವಾ?

ಎಣಿಸಬೇಕಾದ್ದು ಅಕ್ಷರವನ್ನಲ್ಲ, ಮಾತ್ರೆಯನ್ನು, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆಯನ್ನು. ಹತ್ತನೇ ಕ್ಲಾಸಿನಲ್ಲಿ ಪ್ರಸ್ತಾರ ಹಾಕಿ (ಪದ್ಯದ ಅಕ್ಷರಗಳ ಮೇಲೆ ಮಾತ್ರೆ ಗುರುತಿಸಿ) ಮಾರ್ಕ್ಸ್ ತಗೊಂಡಿದ್ದೆ, ಅದು ಹಾಡಿಗೆ ಬೇಕಾಗುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ("ಯಮಾತಾರಾಜಭಾನಸಲಗಂ" ಈಗಲೂ ಬಾಯಿಗೆ ಬರುತ್ತದೆ. ಅದು ಮೂರು ಮೂರು ಅಕ್ಷರ ಗುಂಪು ಮಾಡುವ ಅಕ್ಷರಗಣದ ಸೂತ್ರ, ಇಲ್ಲಿ ಕೆಲಸಕ್ಕೆ ಬರುವುದಿಲ್ಲ.) ಲಘು, ಅಂದರೆ ಗಿಡ್ಡ ಅಕ್ಷರ, ಒಂದು ಮಾತ್ರೆ. ಗುರು, ಅಂದರೆ ಉದ್ದ ಅಕ್ಷರ, ಎರಡು. ತಾನ ಅಂದರೆ 2+1, ಮೂರು. ತಾನನ ಅಂದರೆ 2+1+1, ನಾಲ್ಕು. ಟ್ಯೂನಿನ ಸಾಲು 3+4+3+4, ಒಟ್ಟು 14. ನನ್ನ ಸಾಲಿನಲ್ಲಿ "ಬಳೆಯ" 1+1+1, ಮೂರೇ. ಕೊರತೆಯಾದ ಒಂದು ಮಾತ್ರೆಗೆ ಅವನು "ಬ"ವನ್ನು ಎಳೆದ, ಬಳೆ ಬಾಳೆಯಾಯಿತು. "ನಿನ್ನ ಗೆಜ್ಜೆಯ ಸದ್ದು ಕೇಳಿದೆ" ಎಂದು ಬದಲಿಸಿದೆ. ಗೆಜ್ಜೆಯ, 2+1+1. ಕೂತಿತು.

ಒತ್ತಕ್ಷರ, ಇದೇ ನನ್ನ ತಲೆ ತಿಂದಿದ್ದು

ಗೆಜ್ಜೆಯಲ್ಲಿ ಎರಡು ಮಾತ್ರೆ ಯಾವುದಕ್ಕೆ? ನಾನು ತುಂಬಾ ದಿನ "ಜ್ಜೆ"ಗೆ ಕೊಡುತ್ತಿದ್ದೆ. ಬರೆದಾಗ ದಪ್ಪಗೆ ಕಾಣುವುದು ಅದೇ ಅಲ್ವಾ? ಆದರೆ ಗುರುವಾಗುವುದು ಒತ್ತಕ್ಷರವಲ್ಲ, ಅದರ ಹಿಂದಿನ ಅಕ್ಷರ. ಬಾಯಿ ಬಿಟ್ಟು ನಿಧಾನವಾಗಿ ಹೇಳಿ ನೋಡಿ: ಗೆಜ್‌... ಜೆ. ನಾಲಿಗೆ ನಿಲ್ಲುವುದು "ಗೆಜ್" ಮೇಲೆ. "ಜೆ" ಬೇಗ ಮುಗಿಯುತ್ತದೆ.

ಈ ತಪ್ಪು ಯಾಕೆ ಸಿಕ್ಕಿಬೀಳುವುದಿಲ್ಲ ಎಂದರೆ ಮೊತ್ತ ಸರಿಯಾಗಿಯೇ ಬರುತ್ತದೆ. "ಅಕ್ಕ" 2+1 ಆದರೂ ಮೂರು, ತಪ್ಪಾಗಿ 1+2 ಅಂದುಕೊಂಡರೂ ಮೂರು. ಕಾಗದದ ಮೇಲೆ ಲೆಕ್ಕ ಪಾಸು. ಹಾಡುವಾಗ ಫೇಲು. "ತನಾ" ಇರುವ ಜಾಗಕ್ಕೆ ಅಕ್ಕನನ್ನು ಹಾಕಿದರೆ "ಅಕ್ಕಾ" ಎಂದು ಕೂಗಿ ಕರೆದ ಹಾಗಾಗುತ್ತದೆ. ಹಾಗಾಗಿ ಮೊತ್ತ ನೋಡಿದರೆ ಸಾಲದು, ಆಕಾರ ನೋಡಬೇಕು.

ಇನ್ನೆರಡು ಕಡೆ ಎಡವಿದ್ದೆ. ಒತ್ತು ಪದದ ಮೊದಲಲ್ಲೇ ಇದ್ದರೆ ಅದರಿಂದ ಆ ಪದದೊಳಗೆ ತೂಕ ಏರುವುದಿಲ್ಲ: "ಸ್ವರ" ಎರಡೇ ಮಾತ್ರೆ. ಹಿಂದಿನ ಅಕ್ಷರ ಆಗಲೇ ದೀರ್ಘವಾಗಿದ್ದರೆ ಅದು ಮೂರಾಗುವುದಿಲ್ಲ: "ಸೂರ್ಯ" 2+1, ಅಷ್ಟೇ. ಸೊನ್ನೆ ಇರುವ ಅಕ್ಷರವೂ ಗುರು, "ಬಂದೆ" 2+1.

ದಾಸರ ಗುಟ್ಟು

ಇದು ನನ್ನ ಮೆಚ್ಚಿನ ಉಪಾಯ. ದಾಸರ ಪದಗಳಲ್ಲಿ ಭಕುತಿ, ಮುಕುತಿ, ಮೂರುತಿ ಎಂದೆಲ್ಲ ಬರುತ್ತದಲ್ಲ, ಸುಮ್ನೆ ಹಳೇ ಕನ್ನಡ ಎಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. ಭಕ್ತಿ "ತಾನ", ಭಕುತಿ "ತನನ". ಎರಡೂ ಮೂರೇ ಮಾತ್ರೆ, ಆಕಾರ ಬೇರೆ. ವರ್ಷ, ವರುಷ ಹಾಗೇ. ಮೂರ್ತಿ ಮೂರು, ಮೂರುತಿ ನಾಲ್ಕು. ಒಂದೇ ಪದ ಎರಡು ಸೈಜಿನಲ್ಲಿ ಸಿಗುತ್ತದೆ.

ಕ್ರಿಯಾಪದದಲ್ಲಿ ಮೂರು ಸೈಜು. "ನೋಡುತ್ತೇನೆ" ಏಳು ಮಾತ್ರೆ, "ನೋಡ್ತೀನಿ" ಐದು, "ನೋಡುವೆ" ನಾಲ್ಕು. ಹಾಡುಗಳಲ್ಲಿ ಎಲ್ಲರೂ ಯಾಕೆ ನೋಡುವೆ, ಹಾಡುವೆ, ಕಾಯುವೆ ಎನ್ನುತ್ತಾರೆ ಎಂದು ಆಗ ಅರ್ಥವಾಯಿತು. "ನಿನ್ನನ್ನು" ಐದು, "ನಿನ್ನ" ಮೂರು. ಆ "ಅನ್ನು"ವನ್ನು ಕಣ್ಣು ಮುಚ್ಚಿ ಕಿತ್ತುಹಾಕಿ, ಯಾರೂ ಕೇಳುವುದಿಲ್ಲ.

ತಾಳ

3+4 ಎಂದರೆ ಮಿಶ್ರಛಾಪು ಎನ್ನುವ ಏಳರ ತಾಳ, ತಕಿಟ ತಕಧಿಮಿ. ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳೂ ಇದೇ 3+4+3+4. ಕುಮಾರವ್ಯಾಸ ಮಹಾಭಾರತದ ಹತ್ತು ಪರ್ವ ಬರೆದದ್ದು ಇದರಲ್ಲೇ. ಗಮಕ (ಕಾವ್ಯವನ್ನು ರಾಗವಾಗಿ ಓದುವುದು) ಕೇಳಿ ಬೆಳೆದವರಿಗೆ ಈ ನಡೆ ಬೇಗ ಕೈಗೆ ಹತ್ತುತ್ತದೆ. ಟ್ಯೂನ್ ಕಳಿಸುವವರು ಸಿಗದಿದ್ದರೆ ಇದನ್ನೇ ತಟ್ಟುತ್ತಾ ಬರೆದು ಅಭ್ಯಾಸ ಮಾಡಬಹುದು. ನಾಲ್ಕರ ನಡೆ ಬೇಕಾದರೆ ಮಂದಾನಿಲ ರಗಳೆ, ಐದರದ್ದು ಬೇಕಾದರೆ ಲಲಿತ ರಗಳೆ; ರಗಳೆಯೂ ಒಂದು ಹಳೇ ಪದ್ಯದ ಬಗೆ.

ಪ್ರಾಸ

ಕೇಳಿದೆ, ಹೇಳಿದೆ, ತಾಳಿದೆ. ಕನ್ನಡದಲ್ಲಿ ಕ್ರಿಯಾಪದದ ಬಾಲಗಳೆಲ್ಲ ಒಂದೇ ಥರ, ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಅದಕ್ಕೇ ಸಪ್ಪೆ. ಸಾಲಿನ ಎರಡನೇ ಅಕ್ಷರ ಹೊಂದಿಸುವ ಹಳೇ ಆದಿಪ್ರಾಸವನ್ನು ಒಮ್ಮೆ ಪ್ರಯತ್ನಿಸಿ. ನನಗಿನ್ನೂ ಸರಿಯಾಗಿ ಬಂದಿಲ್ಲ.

ದುಡ್ಡು

ಅವಸರದ ವಿಷಯವಲ್ಲ, ಆದರೂ ತಿಳಿದಿರಲಿ. 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ, ಸಿನಿಮಾ ಹಾಡು ಥಿಯೇಟರಿನ ಆಚೆ ಬಳಕೆಯಾದಾಗ ಬರುವ ರಾಯಲ್ಟಿಯ ಪಾಲನ್ನು ಸಾಹಿತ್ಯ ಬರೆದವರು ನಿರ್ಮಾಪಕರಿಗೆ ಬಿಟ್ಟುಕೊಡುವ ಹಾಗಿಲ್ಲ. ಸಹಿ ಹಾಕುವ ಮೊದಲು ಓದಿ.

ಸದ್ಯ ಚರಣದ ಎರಡನೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಕಿಟಕಿ ಬೇಕು, ಜಾಗ ಇರುವುದು "ತಾನ". ಕಿಟಕಿ "ತನನ". ಮಾತ್ರೆ ಸರಿಯಿದೆ, ಉದ್ದ ಸ್ವರವನ್ನು ಒಡೆದು ಎರಡು ಗಿಡ್ಡ ಮಾಡಿ ಹಾಡಬಹುದು. ಆದರೆ ಆ ಎಳೆತವೇ ಟ್ಯೂನಿನ ಜೀವ, ಮುಟ್ಟಬೇಡ ಎನ್ನುತ್ತಾನೆ ಗೆಳೆಯ. "ಕಿಂಡಿ" ಸರಿಯಾಗಿ ಕೂರುತ್ತದೆ. ಕೂತ ತಕ್ಷಣ ಹಾಡಿನ ಹುಡುಗಿ ಸೀದಾ ಉಡುಪಿಗೆ ಹೋಗಿ ಕನಕನ ಪಕ್ಕ ನಿಲ್ಲುತ್ತಾಳೆ.